ಓಗೆರೆಗೆ ಆ ಹೆಸರು ಬಂದ ಬಗೆ

ನಮ್ಮ ಊರಿನ ಮೂಡಣಕ್ಕೆ, ಎರಡು ಬೋಳುಗುಡ್ಡಗಳು ಹತ್ತಿರ ಬಂದು ನಿಂತಿರುವ ಕಡೆ, ಓಗೆರೆ ಎಂಬ ಕೆರೆಯಿದೆ. ಏರಿಯ ಉದ್ದ ಹೆಚ್ಚೆಂದರೆ ಆರುನೂರು ಹೆಜ್ಜೆ. ಒಳಮೈಗೆ ಜೋಡಿಸಿದ ಕಲ್ಲುಗಳು ಇಂದಿಗೂ ಅಲುಗಿಲ್ಲ. ಎರಡು ತೂಬುಗಳಲ್ಲಿ ಒಂದು ಹೂಳು ತುಂಬಿ ಮುಚ್ಚಿದೆ, ಇನ್ನೊಂದು ಈಗಲೂ ಕೆಳಗಿನ ಭತ್ತದ ಗದ್ದೆಗಳಿಗೆ ನೀರು ಬಿಡುತ್ತದೆ. ಇಂತಹ ಕೆರೆಗಳು ನಮ್ಮ ಸೀಮೆಯಲ್ಲಿ ಹತ್ತಾರು ಇವೆ, ನೋಡುವುದಕ್ಕೆ ವಿಶೇಷವೇನೂ ಇಲ್ಲ. ಆದರೆ ಏರಿ ಹತ್ತಿದ ಹೊಸಬರು ಸ್ವಲ್ಪ ಹೊತ್ತಿನಲ್ಲೇ ಒಂದು ಸಂಗತಿಯನ್ನು ಗಮನಿಸುತ್ತಾರೆ. ಇಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಬಟ್ಟೆ ಒಗೆಯುವ ಹೆಂಗಸರು ದೂರದ ಗೆಳತಿಯನ್ನು ಕರೆಯಬೇಕಾದರೆ ಕೊಡದ ಕಂಠಕ್ಕೆ ಬಳೆಯಿಂದ ತಟ್ಟುತ್ತಾರೆ. ಎಮ್ಮೆ ಮೈತೊಳೆಯುವವರು ಸಿಳ್ಳೆ ಹಾಕುತ್ತಾರೆ. ಎರಡು ವರ್ಷದ ಮಗು ನೀರಿನ ಕಡೆಗೆ ಓಡಿದರೂ ತಾಯಿ ಹೆಸರು ಕೂಗುವುದಿಲ್ಲ, ತಾನೇ ಎದ್ದು ಓಡಿ ಹಿಡಿದುಕೊಳ್ಳುತ್ತಾಳೆ.

ಹೋದ ವರ್ಷ ಮಾಘಮಾಸದಲ್ಲಿ ಪಾರಂಪರಿಕ ತಾಣಗಳ ಪಟ್ಟಿ ಮಾಡುವವರ ಒಂದು ತಂಡ ಇಲ್ಲಿಗೆ ಬಂದಿತ್ತು. ಯಾವ ನೆಲಕ್ಕೆ ಎಷ್ಟು ಸಾಂಸ್ಕೃತಿಕ ಮಹತ್ವವಿದೆ ಎಂದು ಪರಿಶೀಲಿಸಿ ವರದಿ ಕೊಡುವುದು ಅವರ ಕೆಲಸ. ತಂಡದಲ್ಲಿದ್ದ ವಾರಿಜಾ ಎಂಬ ಅಧಿಕಾರಿ ನಾಲ್ಕು ದಿನ ಗುಡ್ಡಗಳನ್ನೂ ಏರಿಯನ್ನೂ ತಿರುಗಿದರು. ಪಂಚಾಯತಿಯ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಮೇಲ್ವಿಚಾರಕನಾಗಿದ್ದ ನನ್ನನ್ನೇ ದಾರಿ ತೋರಿಸಲು ಕರೆದರು. ಕಂದಾಯದ ನಕಾಶೆಯಲ್ಲಿ ಈ ಕೆರೆಯ ಹೆಸರು 'ವಗೇರಿ' ಎಂದಿದೆ. ಅದರ ಅರ್ಥವೇನು ಎಂದು ಅವರು ಕೇಳಿದಾಗ, ಅದು ವಗೇರಿ ಅಲ್ಲ, ಓಗೆರೆ, ಅಂದರೆ 'ಓ' ಎನ್ನುವ ಕೆರೆ ಎಂದು ಹೇಳಿ ನನಗೆ ತಿಳಿದ ಐತಿಹ್ಯವನ್ನು ಹೇಳಿದೆ. ಅವರು ತಮ್ಮ ಕಾಗದಗಳನ್ನು ತಿರುವಿ ಹಾಕಿದರು. "ಸರ್, ಕಟ್ಟಡ ಇದ್ರೆ ಅದರ ಕಾಲ ಬರೀಬಹುದು, ಶಾಸನ ಇದ್ರೆ ಓದಿಸಬಹುದು. ಇದನ್ನ ಬರೆಯೋಕೆ ನನ್ನ ಫಾರಂನಲ್ಲಿ ಜಾಗ ಇಲ್ಲ. ಖಾಲಿ ಬಿಡೋಕೂ ಮನಸ್ಸು ಬರ್ತಿಲ್ಲ. ನೀವು ಬರೆದುಕೊಡಿ, ಜೊತೆಗೆ ಲಗತ್ತಿಸ್ತೀನಿ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ. ನನ್ನ ಅಜ್ಜಿ ಹೇಳಿದಂತೆಯೇ ಬರೆದಿದ್ದೇನೆ; ಅವಳು ಹೇಳದೆ ಬಿಟ್ಟದ್ದನ್ನು ನಾನೂ ಸೇರಿಸಿಲ್ಲ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದ ಕಾಲದಲ್ಲಿ, ಮುದ್ದನಗೇರಿಯ ಕೋಟೆಯನ್ನು ಇಮ್ಮಡಿ ಬೊಮ್ಮನಾಯಕ ಎಂಬ ದೊರೆ ಆಳುತ್ತಿದ್ದನಂತೆ. ಕೋಟೆಯೊಳಗೆ ಮೂರು ಬಾವಿಗಳಿದ್ದವು. ಅವನ ಕಾಲಕ್ಕೆ ಮೂರರ ನೀರೂ ಉಪ್ಪಾಯಿತು. ಹೆಂಗಸರು ಎರಡು ಹರದಾರಿ ನಡೆದು ಹಳ್ಳದ ಒರತೆಯಿಂದ ನೀರು ಹೊರುತ್ತಿದ್ದರು. ಬಸುರಿಯರು ದಾರಿಯಲ್ಲೇ ಹೆತ್ತದ್ದೂ ಉಂಟು ಎನ್ನುತ್ತಾರೆ. ದೊರೆ ಈ ಎರಡು ಗುಡ್ಡಗಳ ನಡುವಿನ ಬಯಲನ್ನು ನೋಡಿ, ಇಲ್ಲಿ ಏರಿ ಹಾಕಿದರೆ ಎರಡು ವರ್ಷದಲ್ಲಿ ನೀರು ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ. ಮೇಲುಗಡೆ ಇನ್ನೊಂದು ಜಾಗವಿತ್ತು, ಆದರೆ ಅಲ್ಲಿ ಏರಿ ಎರಡರಷ್ಟು ಉದ್ದವಾಗಬೇಕು, ಇನ್ನೂ ಮೂರು ವರ್ಷ ಹೆಂಗಸರು ಹಳ್ಳದಿಂದಲೇ ನೀರು ಹೊರಬೇಕು. ಆ ಮನೆತನದಲ್ಲಿ ಹಿರಿಯರಿಂದ ಬಂದ ಒಂದು ಕಟ್ಟುಪಾಡಿತ್ತು. ಯಾವುದೇ ನೆಲವನ್ನು ಮುಳುಗಿಸುವ ಮುನ್ನ ಅಲ್ಲಿ ಏನೇನಿದೆ ಎಂದು ಶಾನುಭೋಗನು ಖುದ್ದಾಗಿ ನಡೆದು ನೋಡಿ ಬರೆದುಕೊಡಬೇಕು. ಗುಡಿ, ಮಠ, ಬಾವಿ, ವೀರಗಲ್ಲು, ಮಾಸ್ತಿಗಲ್ಲು, ಶಾಸನ, ಸಮಾಧಿ, ಇವುಗಳಲ್ಲಿ ಒಂದಿದ್ದರೂ ಆ ನೆಲಕ್ಕೆ ನೀರು ಬಿಡುವಂತಿಲ್ಲ. ಹೀಗೆ ನೋಡಿ ಬರಲು ದೊರೆ ತನ್ನ ಶಾನುಭೋಗ ತಿಪ್ಪರಸನನ್ನು ಕಳಿಸಿದ.

ತಿಪ್ಪರಸ ಆಗ ನಲವತ್ತು ದಾಟಿದ್ದ, ಮಿತಭಾಷಿ. ಅವನು ಬರೆದ ಅಕ್ಷರಕ್ಕೆ ಎರಡನೆಯ ಮಾತಿಲ್ಲವೆಂದು ಕೋಟೆಯಲ್ಲಿ ಹೆಸರಾಗಿದ್ದ. ಅವನಿಗಿಂತ ಮೊದಲು ಹುಟ್ಟಿದ ಮೂವರು ಮಕ್ಕಳನ್ನು ಕಳೆದುಕೊಂಡಿದ್ದ ತಾಯಿ, ಇವನನ್ನಾದರೂ ಸಾವು ಕಣ್ಣೆತ್ತಿ ನೋಡದಿರಲಿ ಎಂದು ಹುಟ್ಟಿದ ದಿನವೇ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಆ ಹೆಸರಿಟ್ಟಿದ್ದಳು. ಅವನು ಬಳಪ ಮತ್ತು ಕರಿಬಟ್ಟೆಯ ಮಡಿಕೆಗಳ ಕಡತ ಹಿಡಿದು ಬಯಲಿಗೆ ಬಂದಾಗ ಅಲ್ಲಿ ಕುರಿಗಾರರ ಇಪ್ಪತ್ತು ಗುಡಿಸಲುಗಳ ಒಂದು ಹಟ್ಟಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಹಟ್ಟಿಗೆ ಹಿರಿಯಳು ಬೀರವ್ವ ಎಂಬ ಮುದುಕಿ. ಬಂದ ಕೆಲಸವನ್ನು ತಿಪ್ಪರಸ ಅವಳಿಗೆ ಮುಚ್ಚುಮರೆಯಿಲ್ಲದೆ ಹೇಳಿದ. "ಇಲ್ಲಿ ನಿಮ್ಮದು ಏನಾದರೂ ಉಂಟೇನವ್ವಾ?" ಎಂದು ಕೇಳಿದ. "ಐತಿ ನನ್ನಪ್ಪಾ. ನಡಿ, ತೋರಸ್ತೀನಿ" ಎಂದು ಅವಳು ಕೋಲು ಹಿಡಿದು ಎದ್ದಳು.

ಅವಳು ತೋರಿಸಿದ್ದು ಬರಿಯ ನೆಲ. ಒಂದು ಕಡೆ ತಗ್ಗು, ಇನ್ನೊಂದು ಕಡೆ ಬೋರೆಗಿಡದ ಬುಡ, ಮತ್ತೊಂದು ಕಡೆ ಹಳ್ಳ ತಿರುಗುವ ಮೂಲೆ. ಆ ಹಟ್ಟಿಯವರಲ್ಲಿ ಸತ್ತವರನ್ನು ಅವರು ಕೊನೆಯ ಸಲ ಕುರಿ ತರುಬಿ ನಿಲ್ಲಿಸಿದ ಜಾಗದಲ್ಲೇ ಮಣ್ಣು ಮಾಡುವ ಪದ್ಧತಿ. ಮೇಲೆ ಕಲ್ಲು ನೆಡುವುದಿಲ್ಲ, ಗಿಡ ಹಚ್ಚುವುದಿಲ್ಲ. ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಯ ನಡುಮಧ್ಯಾಹ್ನ, ನೆರಳು ಕಾಲಡಿಗೆ ಬಂದ ಹೊತ್ತಿನಲ್ಲಿ, ಹಟ್ಟಿಯ ಹಿರಿಯರು ಆ ಜಾಗಗಳನ್ನೆಲ್ಲ ಒಂದೇ ಕ್ರಮದಲ್ಲಿ ನಡೆದು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಅಷ್ಟೇ ಪೂಜೆ. "ಗುರುತಿಗೆ ಒಂದು ಕಲ್ಲಾದರೂ ಇಡಬಾರದಿತ್ತೇ?" ಎಂದು ತಿಪ್ಪರಸ ಕೇಳಿದ. "ಕಲ್ಲು ಇಟ್ರ ಕುರಿ ಎಡವತಾವ, ಸತ್ತೋರಿಗೂ ಭಾರ. ನಾವು ನಡಿಯೋದ ಗುರುತು" ಎಂದಳು ಬೀರವ್ವ. ಅಂದು ಅಮಾವಾಸ್ಯೆಯಲ್ಲದಿದ್ದರೂ ಅವನಿಗೆ ತೋರಿಸಬೇಕೆಂದು ಅವಳು ಒಂದೊಂದು ಜಾಗದಲ್ಲಿ ನಿಂತು ಹೆಸರು ಕರೆಯುತ್ತ ಹೋದಳು. ಅವನು ಅಭ್ಯಾಸಬಲದಿಂದ ಪ್ರತಿಯೊಂದು ಹೆಸರನ್ನೂ, ಜಾಗವನ್ನೂ ಕಡತದಲ್ಲಿ ಬಳಪದಿಂದ ಗುರುತುಮಾಡಿಕೊಳ್ಳುತ್ತ ಹಿಂದೆ ನಡೆದ. ಒಟ್ಟು ನಲವತ್ತೊಂದು ಹೆಸರು.

ಇಪ್ಪತ್ತಾರನೆಯ ಜಾಗ ಒಂದು ಒಣಗಿದ ಹೊಂಡ. ಅದರ ದಡದಲ್ಲಿ ನಿಂತು ಬೀರವ್ವ "ತಿಪ್ಪಾ" ಎಂದು ಕರೆದಳು. ತನ್ನ ತಾಯಿ ಸತ್ತ ಮೇಲೆ ಹಾಗೆ ಬರಿಯ ತಿಪ್ಪ ಎಂದು ಯಾರೂ ಅವನನ್ನು ಕರೆದಿರಲಿಲ್ಲ. ತನ್ನನ್ನೇ ಕರೆದಳೆಂದು ಅವನು ತಲೆಯೆತ್ತಿ ಬಾಯಿ ತೆರೆದ. ಆದರೆ ಅವನ ಬಾಯಿಂದ ದನಿ ಹೊರಡುವ ಮುನ್ನವೇ ಅವನ ಕಾಲಬುಡದ ತಗ್ಗಿನಿಂದ "ಓ" ಎಂಬ ಉತ್ತರ ಬಂತು. ಅದು ಗಾಳಿಯಲ್ಲ, ಹಕ್ಕಿಯಲ್ಲ. ಕೆಲಸದಲ್ಲಿ ತೊಡಗಿದವನು ತಲೆಯೆತ್ತದೆ ಓಗೊಡುವ ಹಾಗೆ, ಸಾವಧಾನದ ಗಂಡುದನಿ. ಬೀರವ್ವ ತಿರುಗಿ ಅವನ ಮುಖವನ್ನೇ ನೋಡಿದಳು. "ಕೇಳಿಸ್ತೇನಪಾ?"

"ಇಲ್ಲವ್ವಾ" ಎಂದ ತಿಪ್ಪರಸ.

ಅವಳು ಮತ್ತೆ ಕೇಳಲಿಲ್ಲ. ಉಳಿದ ಹದಿನೈದು ಹೆಸರುಗಳನ್ನೂ ಕರೆದು ಮುಗಿಸಿ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ಆ ಸಂಜೆ ಅವನು ಕೋಟೆಯಲ್ಲಿ ಕುಳಿತು ಓಲೆಯ ಮೇಲೆ ಬರೆಯಬೇಕಾಯಿತು. ಗುಡಿ ಇಲ್ಲ, ಮಠ ಇಲ್ಲ, ಬಾವಿ ಇಲ್ಲ, ಕಲ್ಲಿಲ್ಲ, ಶಾಸನವಿಲ್ಲ. ಸಮಾಧಿ ಎಂಬಲ್ಲಿಗೆ ಬಂದಾಗ ಅವನ ಕೈ ನಿಂತಿತು ಎನ್ನುತ್ತಾರೆ. ಕಣ್ಣಿಗೆ ಕಾಣದ್ದನ್ನು ಉಂಟು ಎಂದು ಬರೆದರೆ ಆಸ್ಥಾನದಲ್ಲಿ ನಗುತ್ತಾರೆ. ಕೇಳಿಸಿತು ಎಂದರೆ ಶಾನುಭೋಗನಿಗೆ ಬುದ್ಧಿ ಕೆಟ್ಟಿದೆ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅವನ ಮನೆಯ ಎದುರಿನಲ್ಲೇ ದಿನಾ ಬೆಳಗ್ಗೆ ಕೊಡ ಹೊತ್ತು ಹೋಗುವ ಹೆಂಗಸರ ಸಾಲನ್ನು ಅವನು ಬಲ್ಲ. ಇನ್ನೂ ಮೂರು ವರ್ಷ ಆ ಸಾಲನ್ನು ನೋಡುವುದು ಅವನಿಂದ ಆಗುತ್ತಿರಲಿಲ್ಲ. ಈ ಕಥೆ ಹೇಳುವವರು ಅವನನ್ನು ದೂರುವುದಿಲ್ಲ, ಹೊಗಳುವುದೂ ಇಲ್ಲ. ಅವನು ಕೊನೆಯ ಸಾಲಿನಲ್ಲಿ 'ಏನೂ ಇಲ್ಲ' ಎಂದು ಬರೆದು ಮುದ್ರೆಯೊತ್ತಿದ. ಓಲೆ ಸಿದ್ಧವಾದ ಮೇಲೆ ಕಡತದ ಬಳಪವನ್ನು ಒರೆಸಿಬಿಡುವುದು ವಾಡಿಕೆ. ಅಂದು ಮಾತ್ರ ಅವನು ಒರೆಸಲಿಲ್ಲ, ಮಡಿಸಿ ಪೆಟ್ಟಿಗೆಯ ತಳದಲ್ಲಿಟ್ಟ.

ಒಡ್ಡರು ಬಂದರು, ಏರಿ ಏಳತೊಡಗಿತು. ಹಟ್ಟಿಯವರಿಗೆ ಎರಡು ಹರದಾರಿ ಆಚೆ ಬೇರೆ ಹುಲ್ಲುಗಾವಲು ಕೊಟ್ಟರು. ಅವರು ಹೊರಡುವ ದಿನ ತಿಪ್ಪರಸ ದೂರದಲ್ಲಿ ನಿಂತಿದ್ದ. ಬೀರವ್ವ ತಾನೇ ಅವನ ಬಳಿಗೆ ನಡೆದು ಬಂದಳು. ಅವಳು ಶಾಪ ಹಾಕುತ್ತಾಳೆಂದು ಅವನು ಅಂಜಿದ್ದ. ಅವಳು ಶಾಪ ಹಾಕಲಿಲ್ಲ. "ಜನ ನೀರು ಕುಡೀಲಿ, ಬ್ಯಾಡನ್ನಂಗಿಲ್ಲ. ಆದರ ಒಂದು ಮಾತು ತಿಳಕೊಂಡಿರು ನನ್ನಪ್ಪಾ. ಅವರು ಕರೆಸಿಕೊಂಡು ರೂಢಿ ಆದೋರು. ಕರಿಯೋರು ದೂರ ಹೋದ್ರಂದ್ರ, ಯಾರು ಕರದ್ರೂ ಓ ಅಂತಾರ" ಎಂದಳು. ಆಮೇಲೆ ಕುರಿಗಳ ಹಿಂದೆ ಹೋದಳು.

ಎರಡನೆಯ ವರ್ಷದ ಮಳೆಗೆ ಕೆರೆ ತುಂಬಿ ಕೋಡಿ ಬಿದ್ದಿತು. ದೊರೆ ಬಾಗಿನ ಕೊಟ್ಟ. ಕೋಟೆಯ ಹೆಂಗಸರು ಸಿಹಿನೀರು ಕುಡಿದು ಅತ್ತರಂತೆ. ಒಂದು ತಿಂಗಳು ಕಳೆದಿರಲಿಲ್ಲ, ಒಬ್ಬ ಅಗಸನು ಮಧ್ಯಾಹ್ನದ ಹೊತ್ತು ಏರಿಯ ಮೇಲೆ ನಿಂತು ತನ್ನ ಮಗಳನ್ನು "ಸಣ್ಣ ಮಾಳೀ" ಎಂದು ಕರೆದ. ಕೆರೆಯ ನಡುವಿನಿಂದ "ಓ" ಎಂದು ಉತ್ತರ ಬಂತು. ಮಗಳು ಅವನ ಬೆನ್ನ ಹಿಂದೆಯೇ ಬಟ್ಟೆ ಹಿಂಡುತ್ತಿದ್ದಳು. ಆಮೇಲೆ ಇನ್ನೊಬ್ಬರಿಗೆ, ಮತ್ತೊಬ್ಬರಿಗೆ ಹೀಗಾಯಿತು. ಎಲ್ಲ ಹೆಸರಿಗೂ ಉತ್ತರ ಬರುತ್ತಿರಲಿಲ್ಲ, ಕೆಲವಕ್ಕೆ ಮಾತ್ರ. ಯಾವ ಹೆಸರುಗಳಿಗೆ ಎಂಬುದು ಇಡೀ ಕೋಟೆಯಲ್ಲಿ ತಿಪ್ಪರಸನೊಬ್ಬನಿಗೇ ಗೊತ್ತಿತ್ತು. ಅವನು ಪೆಟ್ಟಿಗೆ ತೆರೆದು ಕಡತ ನೋಡಿ, ಮತ್ತೆ ಮಡಿಸಿಟ್ಟು ಸುಮ್ಮನಾದ.

ಏರಿ ಕಟ್ಟುವಾಗ ಕಲ್ಲು ಉರುಳಿ ಮಾರೆಪ್ಪ ಎಂಬ ಒಡ್ಡ ಸತ್ತಿದ್ದ. ಅವನ ಹೆಂಡತಿ ಹುಲಿಗೆವ್ವ, ಇನ್ನೂ ಚಿಕ್ಕ ವಯಸ್ಸಿನವಳು, ಮಕ್ಕಳಿರಲಿಲ್ಲ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡಬಾರದಲ್ಲವೆ, ಅವಳೂ ಅವನು ಬದುಕಿರುವವರೆಗೆ ಒಮ್ಮೆಯೂ ಆಡಿದವಳಲ್ಲ. ಒಂದು ಮಧ್ಯಾಹ್ನ ನೀರಿಗೆ ಬಂದವಳು, ಸುತ್ತ ಯಾರೂ ಇಲ್ಲದ್ದನ್ನು ನೋಡಿ, ದುಃಖ ತಾಳಲಾರದೆ ಮೊದಲ ಸಲ "ಮಾರೆಪ್ಪಾ" ಎಂದು ಕರೆದಳು. ನೀರು "ಓ" ಎಂದಿತು. ಅಂದಿನಿಂದ ಅವಳು ದಿನವೂ ಬಂದಳು. ದಿನಕ್ಕೊಂದೇ ಸಲ ಕರೆಯುತ್ತಿದ್ದಳು, ಒಂದೇ ಉತ್ತರ ಕೇಳಿ, ಕೊಡ ತುಂಬಿಸಿಕೊಂಡು ಮನೆಗೆ ಹೋಗುತ್ತಿದ್ದಳು. ಕೇರಿಯವರು ಹೆದರಿ, ಅದು ನಿನ್ನ ಗಂಡನಲ್ಲ, ಇನ್ನಾವುದೋ ಎಂದರು. ಅವಳಿಗೂ ಅನುಮಾನ ಹುಟ್ಟಿತು. ತೂಬಿನ ಕೆಲಸ ನೋಡಲು ಬಂದಿದ್ದ ತಿಪ್ಪರಸನನ್ನು ಏರಿಯ ಮೇಲೆ ತಡೆದು ನಿಲ್ಲಿಸಿದಳು.

"ಶ್ಯಾನಭೋಗಪ್ಪಾರ, ನೀರು ನಿಲ್ಲೋಕ ಮೊದಲ ಈ ನೆಲ ಎಲ್ಲಾ ನಡದು ನೋಡಿದೋರು ನೀವೊಬ್ರ. ದೇವರಾಣೆಗೂ ಹೇಳ್ರಿ. ಇಲ್ಲಿ ಮೊದಲ ಯಾರನ್ನರ ಮಣ್ಣು ಮಾಡಿದ್ರೇನು?"

ಕಡತದ ಹದಿನೇಳನೆಯ ಹೆಸರು ಮಾರೆಪ್ಪ. ಎಂದೋ ಮಳೆಯಲ್ಲಿ ಸಿಡಿಲು ಬಡಿದು ಸತ್ತ ಕುರಿಗಾರ. ಅಷ್ಟನ್ನು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ, ದೊರೆಗೆ ಕೊಟ್ಟ ಓಲೆ ಸುಳ್ಳಾಗುತ್ತಿತ್ತು.

"ಯಾರೂ ಇಲ್ಲ ತಾಯಿ. ಬರಿಯ ಬಯಲಾಗಿತ್ತು" ಎಂದ.

ಅವಳ ಮುಖ ಅರಳಿತು. "ಹಂಗಾದ್ರ ಓ ಅನ್ನೋನು ಅವನ" ಎಂದಳು. ಕೈಮುಗಿದು ಹೋದಳು. ಆ ನಗುವನ್ನು ತಿಪ್ಪರಸ ಅರ್ಥಮಾಡಿಕೊಳ್ಳುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಗಿತ್ತು. ಎಮ್ಮೆ ಕಾಯುತ್ತಿದ್ದವರು ಆಚೆ ದಡದಿಂದ ನೋಡಿದರಂತೆ. ಅವಳು ಹೊಸ ಸೀರೆ ಉಟ್ಟು ಬಂದು ಮೆಟ್ಟಿಲ ಮೇಲೆ ಕೊಡವಿಟ್ಟು ಒಂದು ಸಲ ಕರೆದಳು. ಉತ್ತರ ಬಂದ ಮೇಲೆ, ಮನೆಯೊಳಗೆ ಹೋಗುವವಳ ಹಾಗೆ ಸೆರಗು ಸರಿಮಾಡಿಕೊಂಡು ನೀರಿಗೆ ಇಳಿದಳು. ಅವರು ಕೂಗಿಕೊಂಡು ಸುತ್ತಿ ಬರುವ ಹೊತ್ತಿಗೆ ಕೊಡ ಮಾತ್ರ ಇತ್ತು. ಮೂರು ದಿನ ಹುಡುಕಿದರೂ ಅವಳ ದೇಹ ಸಿಗಲಿಲ್ಲ.

ನಾಲ್ಕನೆಯ ದಿನ ತಿಪ್ಪರಸ ಕಡತವನ್ನು ತೆಗೆದುಕೊಂಡು ದೊರೆಯ ಮುಂದೆ ನಿಂತ. ಆಸ್ಥಾನ ತುಂಬಿತ್ತು. ಅವನು ನಲವತ್ತೊಂದು ಹೆಸರುಗಳನ್ನೂ ಓದಿದ. ಬೊಮ್ಮನಾಯಕ ಕಡತವನ್ನು ಕೈಗೆ ತೆಗೆದುಕೊಂಡು ನೋಡಿದ. "ಅಂದೇ ನಿನಗೆ ಕೇಳಿಸಿತ್ತೇ?" ಎಂದ.

"ಕೇಳಿಸಿತ್ತು ಮಹಾಸ್ವಾಮಿ. ಇಲ್ಲ ಎಂದೆ. ಒಮ್ಮೆ ಆ ಮುದುಕಿಗೆ, ಒಮ್ಮೆ ತಮಗೆ, ಒಮ್ಮೆ ಈ ಹೆಣ್ಣುಮಗಳಿಗೆ."

"ಏರಿ ಒಡೆಸಲೇ?"

ಕೆಳಗೆ ಭತ್ತ ಹಾಲುಗಟ್ಟುತ್ತಿತ್ತು. ಊರು ಸಿಹಿನೀರು ಕುಡಿಯುತ್ತಿತ್ತು. "ಬೇಡ. ಕರೆಯುವವರು ಬರಲಿ. ನಾನು ಹೋಗಿ ಕರೆತರುತ್ತೇನೆ" ಎಂದು ಅವನು ಶಾನುಭೋಗಿಕೆಯ ಮುದ್ರೆಯನ್ನು ಅಲ್ಲೇ ಇಟ್ಟು ಹೊರಟ.

ಹೊಸ ಹುಲ್ಲುಗಾವಲಿನಲ್ಲಿ ಹಟ್ಟಿ ಇರಲಿಲ್ಲ. ಬೀರವ್ವ ಹಿಂದಿನ ಬೇಸಿಗೆಯಲ್ಲೇ ತೀರಿಕೊಂಡಿದ್ದಳು, ಉಳಿದವರು ಕುರಿಗಳೊಡನೆ ತೆಂಕಣಕ್ಕೆ ಚದುರಿಹೋಗಿದ್ದರು. ಹಿಂದೆ ಉಳಿದಿದ್ದ ಒಂದು ಮನೆಯವರನ್ನು ಕೇಳಿದರೆ, "ನಡೆಯೋಕ ನೆಲ ಇಲ್ಲಂದ ಮ್ಯಾಲೆ ನೆನಪು ಇರತೈತೇನ್ರಿ? ಹೆಸರು ಆಕಿಗೆ ಗೊತ್ತಿದ್ವು" ಎಂದರು. ಆಗ ಅವನಿಗೆ ತಿಳಿಯಿತು, ಆ ನಲವತ್ತೊಂದು ಮಂದಿಯನ್ನು ಕರೆಯಬಲ್ಲವನು ಭೂಮಿಯ ಮೇಲೆ ತಾನೊಬ್ಬನೇ ಉಳಿದಿದ್ದೇನೆ ಎಂದು. ಆ ವರ್ಷದ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಅವನು ಏರಿಯ ಮೇಲೆ ನಿಂತು, ನೀರಿನಡಿಯ ಒಂದೊಂದು ಜಾಗದ ಕಡೆಗೂ ಮುಖ ಮಾಡಿ, ಬೀರವ್ವನ ಕ್ರಮದಲ್ಲೇ ಕರೆದ. ಒಂದೊಂದು ಹೆಸರಿಗೂ "ಓ" ಬಂತು. ಇಪ್ಪತ್ತಾರನೆಯದಕ್ಕೆ ಅವನು ತನ್ನ ಹೆಸರನ್ನೇ ತಾನು ಕರೆಯಬೇಕಾಯಿತು. ಕರೆದ, ಉತ್ತರ ಕೇಳಿದ, ಮುಂದೆ ನಡೆದ. ನಲವತ್ತೊಂದು ಮುಗಿದ ಮೇಲೆ ಅವನು ನಲವತ್ತೆರಡನೆಯದಾಗಿ "ಹುಲಿಗೆವ್ವಾ" ಎಂದ.

ಉತ್ತರ ಬರಲಿಲ್ಲ. ಅವನು ಬಿಸಿಲು ಇಳಿಯುವವರೆಗೂ ನಿಂತಿದ್ದ.

ಆ ದಿನದಿಂದ, ಮಹಾಲಯ ಬಿಟ್ಟು ಬೇರೆ ದಿನ ಯಾರು ಕರೆದರೂ ಕೆರೆ ಓಗೊಡುವುದು ನಿಂತಿತು ಎನ್ನುತ್ತಾರೆ. ಆದರೂ ಜನ ಅಂಜಿಕೆ ಬಿಡಲಿಲ್ಲ, ಏರಿಯ ಮೇಲೆ ಹೆಸರು ಹಿಡಿಯಲಿಲ್ಲ. ತಿಪ್ಪರಸ ಏರಿಯ ಬುಡದಲ್ಲೇ ಒಂದು ಗುಡಿಸಲು ಹಾಕಿಕೊಂಡು ಹತ್ತೊಂಬತ್ತು ವರ್ಷ ಬದುಕಿದ. ಪ್ರತಿ ಮಹಾಲಯಕ್ಕೂ ಕರೆದ. ನಲವತ್ತೊಂದು ಮಂದಿ ಪ್ರತಿ ಸಲವೂ ಓಗೊಟ್ಟರು, ಹುಲಿಗೆವ್ವ ಒಮ್ಮೆಯೂ ಓಗೊಡಲಿಲ್ಲ. ಕೋಪವೋ, ಕರೆದ ದನಿ ಯಾರದೆಂದು ಗುರುತು ಹಿಡಿದಳೋ, ಅಥವಾ ನಿಜವಾಗಿಯೂ ತನ್ನ ಗಂಡನ ಬಳಿಗೇ ಹೋಗಿಬಿಟ್ಟಿದ್ದಳೋ, ಯಾರು ಹೇಳಬೇಕು. ಕಣ್ಣು ಮಂಜಾದಾಗ ಅವನು ಕೆರೆಯ ನೀರು ಉಣ್ಣುವ ನಲವತ್ತೊಂದು ಮನೆಗಳಿಗೆ ಹೋಗಿ, ಮನೆಗೊಂದರಂತೆ ಹೆಸರು ಹಂಚಿದ. ಆ ಮನೆಯ ಹಿರಿಯರು ಆ ಹೆಸರನ್ನು ಕರೆಯಬೇಕು, ತಾವು ಸಾಯುವ ಮುನ್ನ ಮುಂದಿನವರಿಗೆ ಹೇಳಬೇಕು. ತಾನು ಸತ್ತರೆ ತನ್ನ ಹೆಸರು ಸೇರಿಸಬಾರದು ಎಂದೂ ಹೇಳಿದ. "ಅಲ್ಲಿ ಒಬ್ಬ ತಿಪ್ಪ ಇದ್ದಾನೆ. ಇಬ್ಬರಿಗೂ ಅವನೇ ಓ ಎನ್ನುತ್ತಾನೆ" ಎಂದನಂತೆ.

ಈ ಕಥೆಗೆ ಸಾಕ್ಷಿಯಾಗಿ ತೋರಿಸಲು ನಮ್ಮಲ್ಲಿ ಏನೂ ಇಲ್ಲ. ಮುದ್ದನಗೇರಿಯ ಕೋಟೆ ಇಂದು ಜಾಲಿಗಿಡಗಳ ದಿಬ್ಬ. ಕಡತ ಯಾವ ಮನೆಯಲ್ಲಿತ್ತೋ, ಗೆದ್ದಲು ತಿಂದಿತು ಎನ್ನುತ್ತಾರೆ. ಆದರೆ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಯಾರಾದರೂ ಇಲ್ಲಿಗೆ ಬಂದರೆ ಏರಿಯ ಮೇಲೆ ಜನ ಸಾಲಾಗಿ ನಿಂತಿರುವುದನ್ನು ನೋಡಬಹುದು. ವರ್ಷದಲ್ಲಿ ಇಲ್ಲಿ ಹೆಸರು ಕೇಳಿಸುವ ದಿನ ಅದೊಂದೇ. ಊರು ಬಿಟ್ಟು ಹೋದ ಮನೆಗಳ ಹೆಸರನ್ನು ನೆರೆಯವರು ವಹಿಸಿಕೊಂಡಿದ್ದಾರೆ. ಮೂರು ಹೆಸರುಗಳು ಮಾತ್ರ ಹೇಗೋ ಕಳೆದುಹೋಗಿವೆ, ಆ ಸರದಿ ಬಂದಾಗ ಎಲ್ಲರೂ ಒಂದು ಉಸಿರಿನಷ್ಟು ಹೊತ್ತು ತಲೆತಗ್ಗಿಸಿ ನಿಂತು ಮುಂದಕ್ಕೆ ಹೋಗುತ್ತಾರೆ. ನನ್ನ ಮನೆಗೆ ಬಂದದ್ದು ಒಂಬತ್ತನೆಯ ಹೆಸರು, ಸಣ್ಣ ಮಾಳಿ. ನಲವತ್ತು ವರ್ಷದಿಂದ ಕರೆಯುತ್ತಿದ್ದೇನೆ. ಉತ್ತರ ಬಂದದ್ದುಂಟೇ ಎಂದು ವಾರಿಜಾ ಅವರು ಕೇಳಿದರು. ಈ ವಿಷಯದಲ್ಲಿ, ಕೇಳಿಸಿಲ್ಲ ಎಂದು ಮಾತ್ರ ನಾನು ಬರೆದುಕೊಡಲಾರೆ.

ಎಲ್ಲ ಮುಗಿದ ಮೇಲೆ ಹುಲಿಗೆವ್ವನ ಹೆಸರು ಬರುತ್ತದೆ. ಅವಳನ್ನು ಯಾವ ಮನೆಗೂ ಹಂಚಿಲ್ಲ, ಏರಿಯ ಮೇಲಿದ್ದವರೆಲ್ಲ ಒಟ್ಟಿಗೆ ಒಂದು ಸಲ ಕರೆಯುತ್ತಾರೆ. ಆಮೇಲೆ ಯಾರೂ ಕದಲುವುದಿಲ್ಲ. ಇಷ್ಟೇ ಹೊತ್ತು ನಿಲ್ಲಬೇಕೆಂಬ ನಿಯಮವಿಲ್ಲ. ಒಂದೊಂದು ವರ್ಷ ಬಿಸಿಲು ಕೆರೆಯ ಆಚೆ ದಡ ಮುಟ್ಟುವವರೆಗೂ ನಿಂತದ್ದುಂಟು. ಹೊರಗಿನಿಂದ ಬಂದವರು ಯಾರಾದರೂ, ಇಷ್ಟು ಕಾಲ ಬಾರದ ಉತ್ತರ ಇನ್ನು ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದರೆ, ಮುಂದೆ ನಿಂತ ಮುದುಕಿಯರು ತಿರುಗಿ ನೋಡದೆ, "ಗಂಡನ ಹೆಸರು ಹೇಳಾಕ ಅಷ್ಟು ನಾಚಿದಾಕಿ, ತನ್ನ ಹೆಸರಿಗೆ ಓ ಅನ್ನಾಕ ಎಷ್ಟು ನಾಚತಾಳೋ. ಸುಮ್ನ ನಿಂದರ್ರಿ" ಎನ್ನುತ್ತಾರೆ. ಬಂದವರೂ ನಿಲ್ಲುತ್ತಾರೆ. ನೀರು ಕಲ್ಲಿಗೆ ತಾಗುವ ಸದ್ದಷ್ಟೇ ಇರುತ್ತದೆ, ಅಷ್ಟು ಜನರೂ ಕಿವಿಗೊಟ್ಟು ಕಾಯುತ್ತಿರುತ್ತಾರೆ.